ಫೆನ್‌ವೇಗೆ ಎರಡು ಟಿಕೆಟ್

ಮಗಳು ಆಡಿದ ಒಂದು ಮಾತು ಅವರ ತಲೆಯಿಂದ ಇಳಿಯುತ್ತಿಲ್ಲ. ಬಾಸ್ಟನ್‌ನಿಂದ ಹಾಸನಕ್ಕೆ ವಾಪಸಾಗಿ, ಸೂಟ್‌ಕೇಸುಗಳು ಅಟ್ಟ ಸೇರಿ, ತಂದ ಚಾಕೊಲೇಟು ಬೀದಿ ಮಕ್ಕಳ ಕೈಸೇರಿ ಮುಗಿದ ಮೇಲೂ ಅದು ಕೊರೆಯುತ್ತಲೇ ಇದೆ. "ಈ ದೇಶದಲ್ಲಿ ಆಟ ವ್ಯಾಪಾರ ಅಲ್ವಂತೆ ಅಪ್ಪ, ಬಸ್ಸು ಮಾತ್ರ ವ್ಯಾಪಾರವಂತೆ." ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೆಂಪು ಬಸ್ಸಿನಲ್ಲಿ ಕಂಡಕ್ಟರಾಗಿದ್ದು ಈಚೆಗಷ್ಟೇ ನಿವೃತ್ತರಾದ ಮನುಷ್ಯ. ಬಸ್ಸಿನ ವಿಚಾರದಲ್ಲಿ ಬೇರೆಯವರು ಹೇಳಿದ್ದನ್ನು ಸುಲಭಕ್ಕೆ ಒಪ್ಪಿ ಅವರಿಗೆ ಅಭ್ಯಾಸವಿಲ್ಲ. ಅದರಲ್ಲೂ ಹೇಳಿದವಳು, ವಿದ್ಯಾರ್ಥಿ ಪಾಸ್ ಹಿಡಿದು ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತು ಪಿಯುಸಿ ಮುಗಿಸಿದ ಹುಡುಗಿ.

ಅದು 2025ರ ಬೇಸಿಗೆ. ಅಂದರೆ ನಮ್ಮಲ್ಲಿ ಮಳೆಗಾಲ. ಮಗಳು ಬಾಸ್ಟನ್‌ನಲ್ಲಿ ನಗರ ಯೋಜನೆ ಓದುತ್ತಿದ್ದಾಳೆ. ರಾಕ್ಸ್‌ಬರಿ ಎಂಬಲ್ಲಿ, ಒಂದರ ಮೇಲೊಂದು ಮೂರು ಮನೆ, ಮೂರಕ್ಕೂ ಮುಂದೆ ಮರದ ಜಗಲಿ ಇರುವ ಹಳೇ ಕಟ್ಟಡದ ಮೇಲ್ಮಹಡಿಯಲ್ಲಿ ಗೆಳತಿಯರ ಜೊತೆ ಬಾಡಿಗೆಗಿದ್ದಾಳೆ. ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ಹೆಂಡತಿ ಮಗಳ ಅಡುಗೆಮನೆ ಹಿಡಿದರು, ಇವರು ಬಸ್ಸು ಹಿಡಿದರು. ಮ್ಯೂಸಿಯಮ್ಮು, ಬಂದರು, ಹಾರ್ವರ್ಡಿನ ಅಂಗಳ ಎಲ್ಲವನ್ನೂ ತೋರಿಸುವ ಮಗಳ ಪಟ್ಟಿ ಬದಿಗೆ ಸರಿದದ್ದು ಹೀಗೆ.

ಅವರು ಮೊದಲು ಹತ್ತಿದ್ದು 28ನೇ ನಂಬರಿನ ಬಸ್ಸು. ಮ್ಯಾಟಪ್ಯಾನ್‌ನಿಂದ ಹೊರಟು ಬ್ಲೂ ಹಿಲ್ ಅವೆನ್ಯೂ ಉದ್ದಕ್ಕೂ ಬಂದು, ನೂಬಿಯನ್ ನಿಲ್ದಾಣದ ಮೂಲಕ ರಗಲ್ಸ್ ಎಂಬ ರೈಲು ನಿಲ್ದಾಣಕ್ಕೆ ಮುಟ್ಟುವ ಮಾರ್ಗ ಅದು. ಮುಂದಿನ ಬಾಗಿಲಲ್ಲೂ ಜನ, ಹಿಂದಿನ ಬಾಗಿಲಲ್ಲೂ ಜನ. ಯಾರೂ ಕಾಸು ಹಾಕಲಿಲ್ಲ, ಕಾರ್ಡು ತೋರಿಸಲಿಲ್ಲ. ಡ್ರೈವರ್ ತಿರುಗಿಯೂ ನೋಡಲಿಲ್ಲ. ಇವರು ಜೇಬಿಗೆ ಕೈ ಹಾಕಿ ನಿಂತೇ ಇದ್ದರು.

"ಹತ್ತಪ್ಪ ಸುಮ್ನೆ. ಫ್ರೀ ಬಸ್ಸು ಇದು."

"ಹೆಂಗಸರಿಗಾ?"

"ಎಲ್ಲರಿಗೂ."

2021ರ ಆಗಸ್ಟಿನಲ್ಲಿ ಬಾಸ್ಟನ್ ನಗರಾಡಳಿತ ಈ 28ನೇ ಮಾರ್ಗವನ್ನು ಪ್ರಯೋಗಕ್ಕೆಂದು ಉಚಿತ ಮಾಡಿತು. ಮೇಯರ್ ಮಿಷೆಲ್ ವು ಬಂದ ಮೇಲೆ, 2022ರ ಮಾರ್ಚಿನಿಂದ 23 ಮತ್ತು 29ನೇ ಮಾರ್ಗಗಳೂ ಸೇರಿಕೊಂಡವು. ಬಸ್ಸು ಓಡಿಸುವುದು ಎಂಬಿಟಿಎ ಎಂಬ ರಾಜ್ಯದ ಸಾರಿಗೆ ಪ್ರಾಧಿಕಾರ. ಟಿಕೆಟಿನ ಹಣವನ್ನು ತುಂಬಿಕೊಟ್ಟಿದ್ದು ನಗರಾಡಳಿತ, ಕೋವಿಡ್ ಪರಿಹಾರವಾಗಿ ಬಂದ ಕೇಂದ್ರದ ದುಡ್ಡಿನಿಂದ. ಈ ಮಾರ್ಗಗಳು ಹಾಯುವ ರಾಕ್ಸ್‌ಬರಿ, ಡಾರ್ಚೆಸ್ಟರ್, ಮ್ಯಾಟಪ್ಯಾನ್ ಈ ಮೂರೂ ಕಡೆ ಕಪ್ಪು ಜನ, ಹೈಟಿಯಿಂದ, ಕೇಪ್ ವರ್ಡಿಯಿಂದ ಬಂದು ನೆಲೆಸಿದವರು ಹೆಚ್ಚು. ಆಸ್ಪತ್ರೆ, ಹೋಟೆಲು, ಕಚೇರಿಗಳನ್ನು ಗುಡಿಸಿ ಒರೆಸಿ ಬೇಯಿಸಿ ಬಡಿಸುವ ಕೈಗಳಲ್ಲಿ ಬಹಳಷ್ಟು ಈ ಬಸ್ಸುಗಳಲ್ಲೇ ಬರುತ್ತವೆ.

ಕಂಡಕ್ಟರಿಗೆ ತಲೆಕೆಟ್ಟಿದ್ದು ಬೇರೆ ಕಾರಣಕ್ಕೆ. "ಅಲ್ಲ ಕಣಮ್ಮಾ, ಫ್ರೀ ಅಂದ್ರೂ ಲೆಕ್ಕ ಬೇಡ್ವಾ? ಎಷ್ಟು ಜನ ಹತ್ತಿದ್ರು, ಎಲ್ಲಿ ಇಳಿದ್ರು, ಯಾರಿಗೆ ಗೊತ್ತು?" ಮಗಳು ಬಾಗಿಲ ಮೇಲಿನ ಮೂಲೆಯತ್ತ ಕೈ ತೋರಿಸಿದಳು. ಹತ್ತುವವರನ್ನೂ ಇಳಿಯುವವರನ್ನೂ ಎಣಿಸುವ ಯಂತ್ರವನ್ನು ಅಲ್ಲಿ ಕೂರಿಸಿರುತ್ತಾರಂತೆ. ಅವರು ಅದನ್ನು ದಿಟ್ಟಿಸಿದ ರೀತಿಯಲ್ಲಿ ಮೆಚ್ಚುಗೆಯೇನೂ ಇರಲಿಲ್ಲ.

ನಮ್ಮಲ್ಲಿ ಬಿಟ್ಟಿಗೂ ಟಿಕೆಟ್ ಉಂಟು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಅವರಿಗಿನ್ನೂ ಸರ್ವಿಸ್ ಬಾಕಿಯಿತ್ತು. ಹೆಂಗಸರಿಗೆ ದುಡ್ಡು ಬೇಡ, ಆದರೆ ಸೊನ್ನೆ ಮೊತ್ತದ ಟಿಕೆಟ್ ಹರಿದು ಕೊಡಲೇಬೇಕು. ಆ ಸೊನ್ನೆಗಳನ್ನು ಲೆಕ್ಕ ಹಾಕಿಯೇ ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡಬೇಕು. 2025ರ ಜುಲೈ ಹೊತ್ತಿಗೆ ಇಂಥ ಟಿಕೆಟ್ಟುಗಳು 500 ಕೋಟಿ ದಾಟಿದವು. ಹೊಳೆನರಸೀಪುರದ ಸಂತೆ ದಿನ ಬಸ್ಸು ಕಿಕ್ಕಿರಿದಾಗ, ಮೆಷಿನ್ ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತಿದ್ದುದು, ಮುಂದಿನ ಸ್ಟೇಜ್ ಬರುವುದರೊಳಗೆ ಟಿಕೆಟ್ ಮುಗಿಸದಿದ್ದರೆ ಚೆಕಿಂಗ್‌ನವರು ಹತ್ತಿ ಕೇಸು ಹಾಕುತ್ತಾರೆಂಬ ದಿಗಿಲು, ಎಲ್ಲವೂ ಅವರಿಗೆ 28ನೇ ನಂಬರಿನ ಬಸ್ಸಿನಲ್ಲಿ ನೆನಪಾಯಿತು. ಇಲ್ಲಿ ಆ ಗಲಾಟೆಯಿಲ್ಲ. ಎರಡೂ ಬಾಗಿಲಲ್ಲಿ ಜನ ಸರಸರ ಹತ್ತುತ್ತಾರೆ, ಬಸ್ಸು ಹೊರಡುತ್ತದೆ. ಉಚಿತ ಮಾಡಿದ ಮೇಲೆ ಪ್ರಯಾಣಿಕರು ಹೆಚ್ಚಿದ್ದೂ, ಒಬ್ಬೊಬ್ಬರು ಹತ್ತಲು ಹಿಡಿಯುವ ಸಮಯ ಇಳಿದದ್ದೂ ನಗರಾಡಳಿತದ ವರದಿಗಳಲ್ಲೇ ಇದೆ ಎಂದಳು ಮಗಳು.

ಆ ಬಸ್ಸಿನಲ್ಲೇ ಪರಿಚಯವಾದವನು ಹೈಟಿಯ ಒಬ್ಬ ನಡುವಯಸ್ಸಿನ ಮನುಷ್ಯ. ತೊಡೆಯ ಮೇಲೆ ಮಡಿಸಿಟ್ಟ ಏಪ್ರನ್ ಇತ್ತು. ಬೆಳಗ್ಗೆ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಪಂದ್ಯವಿದ್ದ ಸಂಜೆಗಳಲ್ಲಿ ಫೆನ್‌ವೇ ಪಾರ್ಕ್ ಬೇಸ್‌ಬಾಲ್ ಕ್ರೀಡಾಂಗಣದ ಅಡುಗೆಮನೆಯಲ್ಲಿ ಇನ್ನೊಂದು ಕೆಲಸ. ಬಸ್ಸು ಉಚಿತವಾದದ್ದರಿಂದ ಎಷ್ಟು ಉಳಿಯಿತು ಎಂದು ಮಗಳು ಕೇಳಿದಳು. ಅವಳಿಗೆ ಅದು ಓದಿನ ವಿಷಯ. ಆತ ನಕ್ಕ. "ರಗಲ್ಸ್‌ನಲ್ಲಿ ಇಳಿದು ರೈಲು ಹತ್ತಬೇಕಲ್ಲ, ಅಲ್ಲಿ ಕೊಡಲೇಬೇಕು. ಫ್ರೀ ಬಸ್ಸು ನನ್ನನ್ನು ಅರ್ಧ ದಾರಿಗೆ ಬಿಡುತ್ತದೆ." ಉಚಿತ ಪ್ರಯೋಗದ ಮೇಲೆ ಅಲ್ಲಿ ಬಂದಿರುವ ದೊಡ್ಡ ಟೀಕೆಯೂ ಇದೇ: ಬಸ್ಸಿನಿಂದ ರೈಲಿಗೆ ಬದಲಾಯಿಸುವವರ ಕೈಯಲ್ಲಿ ದುಡ್ಡು ಉಳಿಯುವುದಿಲ್ಲ.

ಇನ್ನೊಂದು ಮಾತನ್ನೂ ಆತ ಸೇರಿಸಿದ. ಈಗ ಆಟ ಬೇಗ ಮುಗಿಯುತ್ತದೆ, ತನಗೆ ಆಗಿರುವ ನಿಜವಾದ ಉಪಕಾರ ಅದು ಎಂದ. ಕಂಡಕ್ಟರಿಗೆ ಅರ್ಥವಾಗಲಿಲ್ಲ. ಅರ್ಥವಾಗಲು ಆಟ ನೋಡಬೇಕಾಯಿತು.

ರಗಲ್ಸ್‌ನಲ್ಲಿ ಇಳಿದು ಪಕ್ಕದ ವಿಶ್ವವಿದ್ಯಾಲಯದ ಆವರಣದೊಳಗೆ ನಡೆದರೆ, ಕಟ್ಟಡಗಳ ನಡುವೆ ಕಂಚಿನ ಮನುಷ್ಯನೊಬ್ಬ ಚೆಂಡು ಹಿಡಿದು ಮುಂದಕ್ಕೆ ಬಾಗಿ ನಿಂತಿದ್ದಾನೆ. ಸೈ ಯಂಗ್. ಬೇಸ್‌ಬಾಲಿನ ಚರಿತ್ರೆಯಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದ ಪಿಚರ್, ಅಂದರೆ ಚೆಂಡೆಸೆಯುವವನು. ಅವನ ಲೆಕ್ಕ 511. 1903ರಲ್ಲಿ ಮೊಟ್ಟಮೊದಲ ವರ್ಲ್ಡ್ ಸೀರೀಸ್ ಶುರುವಾದದ್ದು ಈ ಜಾಗದಲ್ಲಿದ್ದ ಹಂಟಿಂಗ್ಟನ್ ಅವೆನ್ಯೂ ಮೈದಾನದಲ್ಲಿ. ಆಗ ಬಾಸ್ಟನ್ ಅಮೆರಿಕನ್ಸ್ ಎನ್ನಿಸಿಕೊಂಡಿದ್ದ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್ ಅನ್ನು ಐದು ಪಂದ್ಯಕ್ಕೆ ಮೂರರಿಂದ ಸೋಲಿಸಿತು. ಮುಂದೆ ಅದೇ ತಂಡ ರೆಡ್ ಸಾಕ್ಸ್ ಆಯಿತು.

ಪ್ರತಿಮೆಯ ಪಕ್ಕದ ಹುಲ್ಲಿನ ಮೇಲೆ ಕೂತು, ಅಮ್ಮ ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿ ಬಿಚ್ಚಿದ ಮೇಲೆ ಮಗಳ ಪಾಠ ಶುರುವಾಯಿತು. ಬೇಸ್‌ಬಾಲೂ ಟ್ರಾಮೂ ಒಂದೇ ಕಾಲದಲ್ಲಿ ಬೆಳೆದವು. ಕ್ಲೀವ್‌ಲ್ಯಾಂಡಿನಲ್ಲಿ ಫ್ರಾಂಕ್ ರಾಬಿಸನ್ ಎಂಬಾತ ಟ್ರಾಮ್ ಕಂಪನಿಯ ಮಾಲೀಕ. ಸ್ಪೈಡರ್ಸ್ ಎಂಬ ಬೇಸ್‌ಬಾಲ್ ತಂಡವೂ ಅವನದ್ದೇ. 1891ರಲ್ಲಿ ಅವನು ಲೀಗ್ ಪಾರ್ಕ್ ಮೈದಾನ ಕಟ್ಟಿಸಿದ್ದು ತನ್ನ ಟ್ರಾಮುಗಳು ಬಂದು ನಿಲ್ಲುವ ಜಾಗದಲ್ಲಿ. ಅಲ್ಲಿ ಮೊದಲ ಪಂದ್ಯಕ್ಕೆ ಚೆಂಡೆಸೆದವನು ಇದೇ ಸೈ ಯಂಗ್. ಹೋಗುವಾಗ ಟ್ರಾಮಿನ ಕಾಸು, ಒಳಗೆ ಆಟದ ಕಾಸು, ಬರುವಾಗ ಮತ್ತೆ ಟ್ರಾಮಿನ ಕಾಸು. ಬ್ರೂಕ್ಲಿನ್‌ನಲ್ಲಿ ಎಲೆಕ್ಟ್ರಿಕ್ ಟ್ರಾಮುಗಳಿಗೆ ಸಿಕ್ಕದಂತೆ ಹಾರಿ ತಪ್ಪಿಸಿಕೊಳ್ಳುವ ಜನರಿಗೆ ಬಿದ್ದ ಅಡ್ಡಹೆಸರೇ ಅಲ್ಲಿನ ತಂಡಕ್ಕೆ ಅಂಟಿ ಡಾಡ್ಜರ್ಸ್ ಆಯಿತು. ಆ ತಂಡ 1958ರಲ್ಲಿ ಕಾರುಗಳ ಊರಾದ ಲಾಸ್ ಏಂಜಲೀಸಿಗೆ ಹೋಯಿತು. ಹೆಸರನ್ನೂ ಜೊತೆಗೇ ಒಯ್ದಿತು.

"ಆಮೇಲೇನಾಯ್ತು?" ಎಂದರು ಅಪ್ಪ, ಡಬ್ಬಿಯ ತಳದ ಕಡ್ಲೆಬೇಳೆ ಹುಡುಕುತ್ತಾ.

ಆಮೇಲೆ ಎರಡೂ ಬೇರೆಯಾದವು. ಕಾರು ಬಂತು, ಟ್ರಾಮ್ ಕಂಪನಿಗಳು ಮುಳುಗಿದವು, ಸಾರಿಗೆ ಸರ್ಕಾರದ ಹೆಗಲಿಗೆ ಬಿತ್ತು. ಆಟ ಮಾತ್ರ ಖಾಸಗಿಯವರ ಕೈಯಲ್ಲೇ ಉಳಿಯಿತು. ಮಗಳ ಆ ಮಾತು ಬಂದದ್ದು ಇಲ್ಲಿ. 1922ರಲ್ಲಿ ಬಾಲ್ಟಿಮೋರಿನ ಒಂದು ತಂಡ ಹೂಡಿದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಬೇಸ್‌ಬಾಲ್ ಪಂದ್ಯ ನಡೆಸುವುದು ರಾಜ್ಯ-ರಾಜ್ಯಗಳ ನಡುವಿನ ವಾಣಿಜ್ಯವಲ್ಲ, ಹಾಗಾಗಿ ಏಕಸ್ವಾಮ್ಯ ತಡೆಯುವ ಕಾಯ್ದೆ ಅದಕ್ಕೆ ತಾಗದು ಎಂದು ಒಮ್ಮತದ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್, ಬಾಸ್ಟನ್ನಿನವರೇ. 1953ರಲ್ಲೂ 1972ರಲ್ಲೂ ಕೋರ್ಟು ಅದನ್ನು ಎತ್ತಿಹಿಡಿಯಿತು. 1998ರಲ್ಲಿ ಸಂಸತ್ತು ಆಟಗಾರರ ದುಡಿಮೆಯ ಮಟ್ಟಿಗೆ ಮಾತ್ರ ರಿಯಾಯಿತಿ ತೆಗೆದು, ಉಳಿದದ್ದನ್ನು ಹಾಗೇ ಬಿಟ್ಟಿತು.

ಅಪ್ಪ ಬಿಡಲಿಲ್ಲ. ಯೂನಿಯನ್ನಿನಲ್ಲಿ ಇದ್ದವರು, ಕಾರ್ಮಿಕ ನ್ಯಾಯಾಲಯದ ಮೆಟ್ಟಿಲು ಹತ್ತಿದವರು. "ವ್ಯಾಪಾರವೇ ಅಲ್ಲ ಅಂತ ಎಲ್ಲಿ ಹೇಳಿದ್ರು? ರಾಜ್ಯಗಳ ನಡುವಿನದ್ದಲ್ಲ ಅಂದ್ರು. ನೀನು ನಿನಗೆ ಬೇಕಾದಂಗೆ ಓದ್ತಿದೀಯ."

"ಸರಿ, ಅರ್ಧ ಒಪ್ಪಿದೆ. ಆದ್ರೆ ನೆವಾಡಾ ರಾಜ್ಯ ಓಕ್ಲೆಂಡಿನ ತಂಡಾನ ಲಾಸ್ ವೇಗಸ್‌ಗೆ ಕರೆಸ್ಕೊಳ್ಳೋಕೆ ಸ್ಟೇಡಿಯಮ್ಮಿಗೆ 380 ಮಿಲಿಯನ್ ಡಾಲರ್‌ವರೆಗೆ ಕೊಡ್ತೀವಿ ಅಂತ 2023ರಲ್ಲಿ ಕಾನೂನು ಮಾಡ್ತು. ಅದನ್ನ ಯಾರೂ ನಷ್ಟ ಅನ್ನಲ್ಲ. ಬಸ್ಸಿಗೆ ಕೊಟ್ರೆ ಮಾತ್ರ ನಷ್ಟ ಅಂತಾರೆ."

ಆಗ ಅವರು ಸುಮ್ಮನಾದರು. "ನಷ್ಟದ ರೂಟು" ಎಂಬ ಮಾತನ್ನು ಸರ್ವಿಸ್ ಉದ್ದಕ್ಕೂ ಕೇಳಿದ್ದವರು ಅವರು. ಆ ರೂಟಿನಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗಿಯರಿದ್ದರು, ಡಯಾಲಿಸಿಸ್‌ಗೆ ಹೊರಟ ಮುದುಕರಿದ್ದರು. ಕಲೆಕ್ಷನ್ ಇರಲಿಲ್ಲ, ಅಷ್ಟೆ.

ಬಾಸ್ಟನ್‌ನಲ್ಲಿ ರೈಲು, ಬಸ್ಸಿನ ಕಾರ್ಡಿಗೆ ಚಾರ್ಲಿ ಕಾರ್ಡ್ ಎಂದು ಹೆಸರು. ಟೋಪಿ ಹಾಕಿದ ಒಬ್ಬ ರೈಲಿನ ಕಿಟಕಿಯಿಂದ ಮೈ ಹೊರಗೆ ಹಾಕಿ, ಕೈಯಲ್ಲಿ ಕಾರ್ಡು ಬೀಸುತ್ತಾ ನಗುತ್ತಿರುವ ಚಿತ್ರ ಅದರ ಮೇಲಿದೆ. ಚಾರ್ಲಿ ಯಾರೋ ಸಾರಿಗೆ ಅಧಿಕಾರಿ ಇರಬೇಕು ಎಂದು ನಮ್ಮ ಕಂಡಕ್ಟರ್ ತಿಳಿದಿದ್ದರು. ಕತೆ ಉಲ್ಟಾ. 1949ರಲ್ಲಿ ವಾಲ್ಟರ್ ಎ. ಓಬ್ರಿಯನ್ ಎಂಬ ಎಡಪಂಥದ ಅಭ್ಯರ್ಥಿ ಮೇಯರ್ ಚುನಾವಣೆಗೆ ನಿಂತ. ಟಿಕೆಟ್ ದರ ಏರಿಕೆ ಅವನ ಮುಖ್ಯ ವಿಷಯ. ಪ್ರಚಾರಕ್ಕೆ ಜಾಕ್ವೆಲಿನ್ ಸ್ಟೈನರ್, ಬೆಸ್ ಲೊಮ್ಯಾಕ್ಸ್ ಹಾಸ್ ಎಂಬಿಬ್ಬರು ಒಂದು ಹಾಡು ಕಟ್ಟಿಕೊಟ್ಟರು. ಹತ್ತುವಾಗ ಕೊಟ್ಟ ಕಾಸು ಸಾಲದೆ, ಇಳಿಯುವಾಗ ಇನ್ನೊಂದು ನಿಕ್ಕಲ್ ನಾಣ್ಯ ಕೊಡಬೇಕಾಗಿ ಬಂದು, ಅದಿಲ್ಲದ ಕಾರಣ ಸುರಂಗ ರೈಲಿನಲ್ಲೇ ಸುತ್ತುತ್ತಾ ಉಳಿದುಹೋದ ಬಡಪಾಯಿ ಚಾರ್ಲಿಯ ಕತೆ ಅದು. ಹೆಂಡತಿ ದಿನಾ ನಿಲ್ದಾಣಕ್ಕೆ ಬಂದು, ಓಡುವ ರೈಲಿನ ಕಿಟಕಿಯಲ್ಲಿ ಗಂಡನಿಗೆ ಊಟ ಕೊಟ್ಟು ಹೋಗುತ್ತಾಳೆ.

"ಊಟ ಕೊಡೋಳು ಆ ಕಾಸನ್ನೇ ಕೊಡಬಹುದಿತ್ತಲ್ಲ?" ಎಂದರು ಕಂಡಕ್ಟರ್. ಹಾಡು ಕೇಳಿದ ಅಮೆರಿಕದವರೆಲ್ಲ ಕೇಳುವುದೂ ಇದನ್ನೇ ಎಂದು ಮಗಳು ನಕ್ಕಳು.

ಓಬ್ರಿಯನ್ ಸೋತ. 1959ರಲ್ಲಿ ಕಿಂಗ್‌ಸ್ಟನ್ ಟ್ರಿಯೋ ತಂಡ ಆ ಹಾಡನ್ನು ದೇಶಕ್ಕೆಲ್ಲ ಕೇಳಿಸಿದಾಗ, ಎಡಪಂಥದ ಸಹವಾಸ ಬೇಡವೆಂದು ಅವನ ಹೆಸರನ್ನು ಜಾರ್ಜ್ ಎಂದು ಬದಲಿಸಿ ಹಾಡಿತು. 2006ರಲ್ಲಿ ಹೊಸ ಕಾರ್ಡು ತಂದ ಸಾರಿಗೆ ಪ್ರಾಧಿಕಾರ, ತನ್ನ ಹಿಂದಿನ ಸಂಸ್ಥೆಯನ್ನು ಗೇಲಿ ಮಾಡಿದ ಪಾತ್ರದ ಹೆಸರನ್ನೇ ಅದಕ್ಕಿಟ್ಟಿತು. ತಮಾಷೆಯೆಂದರೆ, ಇಳಿಯುವಾಗ ಕಾಸು ಕೀಳುವ ಪದ್ಧತಿ ಕೆಂಪು ಮಾರ್ಗದ ಬ್ರೇನ್‌ಟ್ರೀ ತುದಿಯಲ್ಲಿ 2007ರವರೆಗೂ ಉಳಿದಿತ್ತು.

ಈಗ ಸುರಂಗ ರೈಲಿಗೆ ಒಂದೇ ದರ, 2 ಡಾಲರ್ 40 ಸೆಂಟ್. ಮುಂದಿನ ನಿಲ್ದಾಣಕ್ಕಾದರೂ ಅಷ್ಟೇ, ಕೊನೆಯ ನಿಲ್ದಾಣಕ್ಕಾದರೂ ಅಷ್ಟೇ. ಸ್ಟೇಜ್ ಲೆಕ್ಕದಲ್ಲೇ ಬಾಳಿದ ಕಂಡಕ್ಟರಿಗೆ ಇದು ಅನ್ಯಾಯವಾಗಿ ಕಂಡಿತು. "ಹತ್ತಿರ ಹೋಗೋನು ದೂರ ಹೋಗೋನ ಕಾಸು ಕಟ್ಟಬೇಕಾ?" ಮಗಳು ಅದನ್ನೇ ತಿರುಗಿಸಿ ನೋಡುವವಳು. ಊರ ನಡುವೆ ಬಾಡಿಗೆ ಕೊಡಲಾರದ ಬಡವನೇ ದೂರದಲ್ಲಿರುವುದು. ದೂರಕ್ಕೆ ತಕ್ಕ ದರವೆಂದರೆ ಬಡತನಕ್ಕೆ ದಂಡ. 2025ರ ಫೆಬ್ರುವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಜಿಗಿದಾಗ ಹೆಚ್ಚು ಏಟು ಬಿದ್ದದ್ದು ಊರಂಚಿನಿಂದ ಬರುವವರಿಗೆ ಎಂದು ಅವಳು ಉದಾಹರಣೆ ಕೊಟ್ಟಳು. ಆಮೇಲೆ ಕೂಗೆದ್ದು, ಕೆಲವು ಹಂತಗಳಲ್ಲಿ ದರ ಸ್ವಲ್ಪ ಇಳಿಯಿತು. ಅದಕ್ಕೂ ಒಂದು ತಿಂಗಳ ಮೊದಲಷ್ಟೇ ರಾಜ್ಯದ ಸಾರಿಗೆ ಬಸ್ ದರ ಶೇ 15 ಏರಿತ್ತು.

ಹಾಗಾದರೆ ದುಡ್ಡು ಎಲ್ಲಿಂದ ಬರಬೇಕು? ಅಪ್ಪನ ಪ್ರಶ್ನೆಗೆ ಮಗಳ ಬಳಿ ಉತ್ತರ ಸಿದ್ಧವಿತ್ತು. ಮ್ಯಾಸಚೂಸೆಟ್ಸಿನಲ್ಲಿ ಅಂಗಡಿಯ ಸಾಮಾನಿನ ಮೇಲೆ ಶೇ 6.25 ಮಾರಾಟ ತೆರಿಗೆ. ಆ 6.25 ಅಂಶಗಳಲ್ಲಿ 1 ಅಂಶ ನೇರ ಎಂಬಿಟಿಎಗೆ ಹೋಗುತ್ತದೆ. ವರ್ಷಕ್ಕೆ 10 ಲಕ್ಷ ಡಾಲರಿಗೆ ಮೀರಿದ ಆದಾಯದ ಮೇಲೆ ಹೆಚ್ಚುವರಿ ಶೇ 4 ತೆರಿಗೆ ಹಾಕಿ, ಶಿಕ್ಷಣಕ್ಕೂ ಸಾರಿಗೆಗೂ ಬಳಸಬೇಕೆಂದು 2022ರ ನವೆಂಬರಿನಲ್ಲಿ ಮತದಾರರೇ ತೀರ್ಮಾನಿಸಿದರು. 2024ರ ಸೆಪ್ಟೆಂಬರಿನಿಂದ ಕಡಿಮೆ ಆದಾಯದವರಿಗೆ ಅರ್ಧ ದರ ಬಂದದ್ದು ಆ ಹಣದ ಬಲದಿಂದ. ಟಿಕೆಟಿನಿಂದ ಬರುತ್ತಿದ್ದದ್ದು ಕೋವಿಡ್‌ಗೆ ಮೊದಲು ಖರ್ಚಿನ ಸುಮಾರು ಮೂರನೇ ಒಂದು ಪಾಲು. ಈಗ ಅದಕ್ಕಿಂತ ಕಡಿಮೆ. "ಉಳಿದದ್ದನ್ನ ಹೇಗೂ ಊರೇ ಕೊಡ್ತಿದೆ. ಪೂರ್ತಿ ಕೊಟ್ರೆ ಏನಾಗುತ್ತೆ?" ಎಂಬುದು ಅವಳ ವಾದ.

ಪಂದ್ಯದ ದಿನ ಸಂಜೆ ಹಸಿರು ಮಾರ್ಗದಲ್ಲಿ ಹೊರಟರು. ಅಮೆರಿಕದ ಮೊದಲ ಸುರಂಗ ರೈಲು ಮಾರ್ಗ ಇದೇ. 1897ರಲ್ಲಿ ಪಾರ್ಕ್ ಸ್ಟ್ರೀಟ್ ನಿಲ್ದಾಣದಿಂದ ಓಡತೊಡಗಿತು. ಈಗಲೂ ನೆಲದಡಿಯಲ್ಲಿ ಓಡುವುದು ಟ್ರಾಮೇ. ತಿರುವಿನಲ್ಲಿ ಚಕ್ರ ಕಿರುಗುಟ್ಟುವ ಸದ್ದಿಗೆ ಹಲ್ಲು ಚಳಿಯುತ್ತದೆ. ಫೆನ್‌ವೇ ಎಂಬ ಹೆಸರಿನ ನಿಲ್ದಾಣವೊಂದಿದೆ. ಆದರೆ ಫೆನ್‌ವೇ ಪಾರ್ಕಿಗೆ ಹೋಗುವವರು ಇಳಿಯುವುದು ಕೆನ್ಮೋರ್‌ನಲ್ಲಿ. ಬೋಗಿಯ ತುಂಬ ಕೆಂಪು, ನೀಲಿ ಟೋಪಿ. ಅಜ್ಜಿಯರು, ಹಾಲುಗಲ್ಲದ ಮಕ್ಕಳು, ಕಚೇರಿ ಬ್ಯಾಗಿನವರು.

ಬೀದಿಯಲ್ಲಿ ಸಾಸೇಜ್ ಸುಡುವ ಗಾಡಿಗಳ ಹೊಗೆ, ಈರುಳ್ಳಿ ದೊಣ್ಣೆಮೆಣಸಿನಕಾಯಿ ಹುರಿದ ಘಾಟು. ಮಾಂಸ ತಿನ್ನದ ಅಪ್ಪನಿಗೆ ಸಿಕ್ಕಿದ್ದು ಸಿಪ್ಪೆ ಸಹಿತ ಹುರಿದ ಕಡ್ಲೆಕಾಯಿ. ಗ್ಯಾಲರಿಯಲ್ಲಿ ಮಾರುವವನು ನಾಲ್ಕು ಸಾಲು ಆಚೆಯಿಂದ ಪೊಟ್ಟಣ ಎಸೆದ. ಇವರು ಒಂದೇ ಕೈಯಲ್ಲಿ ಹಿಡಿದರು. ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದರು. ಮಗಳ ಕಾರ್ಡು ಕೈಯಿಂದ ಕೈಗೆ ದಾಟಿ ಅವನನ್ನು ಮುಟ್ಟಿತು, ಅದೇ ದಾರಿಯಲ್ಲಿ ಹಿಂದಕ್ಕೆ ಬಂತು. ರಶ್ಶಿನ ಬಸ್ಸಿನಲ್ಲಿ ಹಿಂದಿನ ಸೀಟಿನವನ ಟಿಕೆಟ್ಟೂ ಹಾಗೇ ಹೋಗುತ್ತದೆ. ಅಲ್ಲಿಂದಾಚೆ ಅವರಿಗೆ ಆ ಜಾಗ ಪರಕೀಯ ಅನ್ನಿಸಲಿಲ್ಲ.

ಫೆನ್‌ವೇ ಪಾರ್ಕ್ ತೆರೆದದ್ದು 1912ರ ಏಪ್ರಿಲ್ 20ರಂದು, ಟೈಟಾನಿಕ್ ಮುಳುಗಿದ ಐದು ದಿನಕ್ಕೆ. ಈಗ ದೊಡ್ಡ ಲೀಗಿನ ಅತಿ ಹಳೆಯ ಮೈದಾನ. ಎಡಗಡೆ 37 ಅಡಿ ಎತ್ತರದ ಹಸಿರು ಗೋಡೆ, ಗ್ರೀನ್ ಮಾನ್‌ಸ್ಟರ್. ಅದರ ಬುಡದ ಸ್ಕೋರ್ ಬೋರ್ಡಿನಲ್ಲಿ ಇವತ್ತಿಗೂ ಅಂಕಿ ಬರೆದ ಹಲಗೆಗಳನ್ನು ಮನುಷ್ಯರೇ ಕೈಯಿಂದ ಬದಲಿಸುತ್ತಾರೆ. ಬಲಗಡೆಯ ಹಸಿರು ಕುರ್ಚಿಗಳ ನಡುವೆ ಒಂದೇ ಒಂದು ಕೆಂಪು ಕುರ್ಚಿ. 1946ರ ಜೂನ್ 9ರಂದು ಟೆಡ್ ವಿಲಿಯಮ್ಸ್ ಹೊಡೆದ ಚೆಂಡು 502 ಅಡಿ ದೂರ ಹಾರಿ ಬಿದ್ದ ಜಾಗವದು.

ಆಟ ಅವರಿಗೆ ಅರ್ಧ ತಿಳಿಯಿತು. ಬೌಲರಿಗೆ ಓಟವಿಲ್ಲ, ಚೆಂಡು ನೆಲಕ್ಕೆ ಬಡಿಯುವುದಿಲ್ಲ, ಬ್ಯಾಟು ದೊಣ್ಣೆ. ಆದರೆ ಗೋಡೆಯ ಮೇಲೆ ಓಡುತ್ತಿದ್ದ ಗಡಿಯಾರ ಕಂಡು ಹೈಟಿಯವನ ಮಾತು ತಿಳಿಯಿತು. 2023ರಿಂದ ಪಿಚರ್ ಇಷ್ಟು ಸೆಕೆಂಡಿನೊಳಗೆ ಚೆಂಡೆಸೆಯಬೇಕೆಂದು ನಿಯಮ. ಬೇಸ್ ಖಾಲಿಯಿದ್ದರೆ 15 ಸೆಕೆಂಡು. 2022ರಲ್ಲಿ ಸರಾಸರಿ 3 ಗಂಟೆ 4 ನಿಮಿಷ ಹಿಡಿಯುತ್ತಿದ್ದ ಒಂಬತ್ತು ಇನಿಂಗ್ಸಿನ ಪಂದ್ಯ, ಮರುವರ್ಷ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಟಿವಿ ನೋಡುವವರ ಬೇಸರ ಕಳೆಯಲು ತಂದ ನಿಯಮ. ಅಡುಗೆಮನೆಯಲ್ಲಿ ಪಾತ್ರೆ ತೊಳೆದು ಕೊನೆಯ ಬಸ್ಸಿಗೆ ಓಡುವವನಿಗೆ ಅದರಿಂದ 24 ನಿಮಿಷ ಸಿಕ್ಕಿತು.

ಆ ಮನುಷ್ಯ ಬರುವ ರಾಕ್ಸ್‌ಬರಿಯಿಂದ ಫೆನ್‌ವೇಗೆ ಹೆಚ್ಚು ದೂರವಿಲ್ಲ. ಆದರೂ ದೊಡ್ಡ ಲೀಗಿನಲ್ಲಿ ಕಪ್ಪು ಆಟಗಾರನನ್ನು ಎಲ್ಲರಿಗಿಂತ ತಡವಾಗಿ ಇಳಿಸಿದ ತಂಡ ರೆಡ್ ಸಾಕ್ಸ್. 1945ರ ಏಪ್ರಿಲ್‌ನಲ್ಲಿ ಜಾಕಿ ರಾಬಿನ್‌ಸನ್ ಇದೇ ಮೈದಾನದಲ್ಲಿ ಆಯ್ಕೆಗೆ ಆಡಿ ತೋರಿಸಿ, ಬರಿಗೈಯಲ್ಲಿ ಹಿಂದಿರುಗಿದ. ಅವನು 1947ರಲ್ಲಿ ಬ್ರೂಕ್ಲಿನ್ ಪರ ಆಡಿ ಚರಿತ್ರೆ ಬರೆದ 12 ವರ್ಷಕ್ಕೆ, 1959ರಲ್ಲಿ, ಪಂಪ್ಸಿ ಗ್ರೀನ್ ಬಾಸ್ಟನ್ ಪರ ಆಡಿದ. ಅಷ್ಟೂ ಕಾಲ ತಂಡದ ಒಡೆಯನಾಗಿದ್ದ ಟಾಮ್ ಯಾಕಿಯ ಹೆಸರಿದ್ದ ಬೀದಿಗೆ 2018ರಲ್ಲಿ ಹಳೆಯ ಹೆಸರಾದ ಜರ್ಸಿ ಸ್ಟ್ರೀಟ್ ಮರಳಿತು.

ವರ್ಷಕ್ಕೆ ಒಂದು ತಂಡ 162 ಪಂದ್ಯ ಆಡುತ್ತದೆ. ಅದರಲ್ಲಿ 81 ತವರಿನಲ್ಲಿ. ನಮ್ಮ ಐಪಿಎಲ್ ತಂಡಕ್ಕೆ ತವರಿನ ಲೀಗ್ ಪಂದ್ಯ ಏಳು. ಐಪಿಎಲ್ ಎಂದರೆ ಜಾತ್ರೆ, ಇದು ಸಂತೆ ಎಂದು ಕಂಡಕ್ಟರ್ ಒಂದೇ ಮಾತಿನಲ್ಲಿ ಹೇಳಿದರು. ಜಾತ್ರೆಗೆ ಸ್ಪೆಷಲ್ ಬಸ್ ಬಿಟ್ಟರಾಯಿತು. ಸಂತೆಗೆ ರೂಟೇ ಬೇಕು. ಮಗಳು ನೋಟ್ ಪುಸ್ತಕ ತೆಗೆದು ಬರೆದುಕೊಂಡಳು.

ಅವಳಿಗೆ ಸಿಟ್ಟಿದ್ದದ್ದು ಆಟದ ಟಿಕೆಟ್ ಮೇಲೆ. ಇದೇ ಸೀಟಿಗೆ ನ್ಯೂಯಾರ್ಕ್ ಯಾಂಕೀಸ್ ಬಂದ ದಿನ ಒಂದು ಬೆಲೆ, ಮಳೆಮೋಡದ ಮಂಗಳವಾರ ಇನ್ನೊಂದು ಬೆಲೆ. ಅದನ್ನು ಜನ ಮಾರುಕಟ್ಟೆ ಎಂದು ಒಪ್ಪುತ್ತಾರೆ, ರೈಲಿಗೆ ಹತ್ತು ಸೆಂಟ್ ಏರಿದರೆ ಬೀದಿಗಿಳಿಯುತ್ತಾರೆ. ಅಪ್ಪನಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. "ಆಟ ನೋಡದಿದ್ರೆ ಸಾಯಲ್ಲ ಕಣಮ್ಮಾ. ಕೆಲಸಕ್ಕೆ ಹೋಗದಿದ್ರೆ?" ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಬರಲು ಖಾಸಗಿ ಬಸ್ಸುಗಳು ಎರಡು-ಮೂರು ಪಟ್ಟು ಕೀಳುವಾಗ ಯಾರೂ ಅದನ್ನು ಮಾರುಕಟ್ಟೆ ಎಂದು ಸುಮ್ಮನಿರುವುದಿಲ್ಲ, ಬೈಯುತ್ತಲೇ ಹತ್ತುತ್ತಾರೆ. ಇಡೀ ಪ್ರವಾಸದಲ್ಲಿ ಇಬ್ಬರೂ ಪೂರ್ತಿ ಒಪ್ಪಿದ್ದು ಇದೊಂದನ್ನು: ಅಗತ್ಯಕ್ಕೊಂದು ದರ, ಮೋಜಿಗೊಂದು ದರ.

ಎಂಟನೇ ಇನಿಂಗ್ಸಿನ ನಡುವೆ ಇಡೀ ಮೈದಾನ ಎದ್ದು ನಿಂತು 'ಸ್ವೀಟ್ ಕ್ಯಾರೊಲೈನ್' ಹಾಡಿತು. ಪಕ್ಕದ ಮುದುಕ ಇವರ ಹೆಗಲ ಮೇಲೆ ಕೈ ಹಾಕಿ ಹಾಡಿದ. ಆಮೇಲೆ ಮಾತಿಗಿಳಿದು, ತನ್ನ ಅಪ್ಪ ರೆಡ್ ಸಾಕ್ಸ್ ಗೆದ್ದದ್ದನ್ನು ನೋಡದೆಯೇ ಸತ್ತ ಎಂದ. 1918ರಲ್ಲಿ ಗೆದ್ದ ತಂಡ ಮತ್ತೆ ವರ್ಲ್ಡ್ ಸೀರೀಸ್ ಗೆದ್ದದ್ದು 2004ರಲ್ಲಿ, 86 ವರ್ಷಕ್ಕೆ. "ಈ ಸಲ ಕಪ್ ನಮ್ದೇ" ಎಂದು ನಾವೂ 18 ವರ್ಷ ಅಂದುಕೊಂಡೆವು ಎಂದು ಮಗಳು ಆರ್‌ಸಿಬಿಯ ಕತೆ ಹೇಳಿದಳು. ಮುದುಕ ಕೈ ಕುಲುಕಿದ. ಕೊನೆಗೂ ಕಪ್ ಗೆದ್ದ ಮರುದಿನ ಏನಾಯಿತೆಂದು ಅವಳು ಹೇಳಲಿಲ್ಲ.

ಹೇಳಿದ್ದು ಆಟ ಮುಗಿದ ಮೇಲೆ, ಕೆನ್ಮೋರ್ ನಿಲ್ದಾಣಕ್ಕೆ ಹರಿಯುವ ಜನಸಾಗರದೊಳಗೆ. ಭರ್ತಿಯಾದರೆ 37 ಸಾವಿರಕ್ಕೂ ಹೆಚ್ಚು ಜನ ಹಿಡಿಯುವ ಮೈದಾನ. ಪೊಲೀಸರು ಬೀದಿಯಲ್ಲಿ ಕಾರು ತಡೆದಿದ್ದರು. ನಿಲ್ದಾಣದ ಸಿಬ್ಬಂದಿ ಜನರನ್ನು ತಂಡ ತಂಡವಾಗಿ ಕೆಳಗೆ ಬಿಡುತ್ತಿದ್ದರು. ಒಂದರ ಹಿಂದೊಂದು ಟ್ರಾಮ್. ಯಾರೂ ನೂಕಲಿಲ್ಲ. ಆ ಬೇಸಿಗೆಯ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಸತ್ತಿದ್ದರು. ಬಾಸ್ಟನ್ನಿಗೂ ಇದು ಗೊತ್ತಿಲ್ಲದ ಪಾಠವಲ್ಲ. 2004ರ ಅಕ್ಟೋಬರಿನಲ್ಲಿ ಯಾಂಕೀಸ್ ವಿರುದ್ಧ ಗೆದ್ದ ರಾತ್ರಿ, ಇದೇ ಬೀದಿಗಳಲ್ಲಿ ಕುಣಿಯುತ್ತಿದ್ದ ಗುಂಪನ್ನು ಚದುರಿಸಲು ಪೊಲೀಸರು ಹಾರಿಸಿದ ಖಾರದ ಗುಂಡು ತಾಗಿ 21 ವರ್ಷದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಸತ್ತಳು. ಜನರನ್ನು ಕರೆಯುವ ಮೊದಲೇ ಅವರನ್ನು ಮನೆಗೆ ಮುಟ್ಟಿಸುವುದು ಹೇಗೆಂದು ಯೋಚಿಸಬೇಕು ಎಂಬುದು ಮಗಳ ಮಾತು. ಅಪ್ಪ ಎದುರಾಡಲಿಲ್ಲ.

ಹಿಂದಿರುಗುವಾಗ ಅವರ ಕಣ್ಣು ಜನರ ಕೈ ಮೇಲಿತ್ತು. ನೆಲದ ಮೇಲಿನ ನಿಲ್ದಾಣಗಳಲ್ಲಿ ಹಿಂಬಾಗಿಲಿನಿಂದ ಹತ್ತಿದವರಲ್ಲಿ ಕಾರ್ಡು ಒತ್ತದವರು ಬಹಳ. ಟೋಪಿಗೆ, ಬಿಯರಿಗೆ ಕೈ ಬಿಚ್ಚಿದವರೇ ಎರಡು ಡಾಲರಿಗೆ ಕೈ ಮುಚ್ಚಿದ್ದರು. ಅವರಿಗೆ ಮೈ ಉರಿಯಿತು. "ನಂಗೊಂದು ಮೆಷಿನ್ ಕೊಟ್ಟಿದ್ರೆ ಮುಂದಿನ ಸ್ಟಾಪ್ ಬರೋಷ್ಟರಲ್ಲಿ ಎಲ್ಲರ ಹತ್ರ ವಸೂಲ್ ಮಾಡ್ತಿದ್ದೆ." ಮಗಳು, "ಇದಕ್ಕೇ ಅಪ್ಪ ಫ್ರೀ ಮಾಡಿ ಅನ್ನೋದು" ಎಂದಳು. ಅವರು, "ಇದಕ್ಕೇ ಕಂಡಕ್ಟರ್ ಬೇಕು ಅನ್ನೋದು" ಎಂದರು.

ಹೈಟಿಯವನು ಮತ್ತೊಮ್ಮೆ ಸಿಕ್ಕಿದ್ದ. ದರವೋ ಸಮಯವೋ, ಯಾವುದು ಬೇಕೆಂದು ಕಂಡಕ್ಟರೇ ಮಗಳಿಂದ ಕೇಳಿಸಿದರು. ರಾತ್ರಿ ಒಂದು ಗಂಟೆಯ ಮೇಲೂ ಗಾಡಿ ಓಡಲಿ, ಕಾಸು ಬೇಕಾದರೆ ತೆಗೆದುಕೊಳ್ಳಲಿ ಎಂದ ಆತ. ಬಾಸ್ಟನ್ ಇದನ್ನು ಹಿಂದೆ ಮಾಡಿ ಬಿಟ್ಟಿದೆ. ವಾರಾಂತ್ಯದ ತಡರಾತ್ರಿ ಸೇವೆ 2014ರಲ್ಲಿ ಶುರುವಾಗಿ, ಖರ್ಚು ಹೆಚ್ಚೆಂದು 2016ರಲ್ಲಿ ನಿಂತಿತು. 2023ರಲ್ಲಂತೂ ಹಳಿ ಹಾಳಾಗಿ ರೈಲುಗಳು ಅಲ್ಲಲ್ಲಿ ತೆವಳುತ್ತಿದ್ದವು. ಫಿಲಿಪ್ ಎಂಗ್ ಮುಖ್ಯಸ್ಥರಾಗಿ ಬಂದು, ಮಾರ್ಗಗಳನ್ನು ಸರದಿಯಲ್ಲಿ ಮುಚ್ಚಿ ಹಳಿ ಸರಿಮಾಡಿಸಿ, 2024ರ ಕೊನೆಗೆ ಆ ನಿಧಾನ ವಲಯಗಳನ್ನೆಲ್ಲ ತೆಗೆಸಿದರು. 2025ರ ಆಗಸ್ಟ್ ಕೊನೆಯಿಂದ ಶುಕ್ರವಾರ, ಶನಿವಾರ ರಾತ್ರಿ ಸುಮಾರು ಒಂದು ಗಂಟೆ ಹೆಚ್ಚು ಹೊತ್ತು ಗಾಡಿ ಓಡುತ್ತಿದೆ. ಜನ ರೈಲಿಗೆ ಮರಳಿದ್ದು ದರ ಇಳಿದದ್ದಕ್ಕೋ, ಗಾಡಿ ಹೊತ್ತಿಗೆ ಸರಿಯಾಗಿ ಬಂದದ್ದಕ್ಕೋ? ಅಪ್ಪ ಮಗಳ ಜಗಳ ವಿಮಾನ ನಿಲ್ದಾಣದವರೆಗೂ ಇದೇ ಆಗಿತ್ತು.

ಊರಿಗೆ ಬಂದ ಮೇಲೆ ಅವರ ತೀರ್ಮಾನ ಗಟ್ಟಿಯಾಗಿದೆ. ಬಸ್ಸಿಗೆ ಊರು ದುಡ್ಡು ಕೊಡಬೇಕೆಂಬ ಮಗಳ ಮಾತು ಸರಿ. ಕ್ರೀಡಾಂಗಣಕ್ಕೆ ಕೊಡುವವರು ಬಸ್ಸಿನ ನಷ್ಟದ ಬಗ್ಗೆ ಮಾತಾಡಕೂಡದು ಎಂಬುದೂ ಸರಿ. ಆದರೆ ಸೊನ್ನೆಯ ಟಿಕೆಟ್ಟಾದರೂ ಕೊಡಬೇಕು, ಲೆಕ್ಕ ಇಡಬೇಕು. ಅದಕ್ಕೂ ಮೊದಲು ಬಸ್ಸು ಇರಬೇಕು. ಹೆಂಗಸರಿಗೆ ಉಚಿತ ಮಾಡಿದ ನಮ್ಮಲ್ಲೂ ಸಂಜೆ ಏಳರ ಮೇಲೆ ಬಸ್ಸೇ ಇಲ್ಲದ ಹಳ್ಳಿಗಳಿವೆ. ಅವರ ಹಳ್ಳಿಯೂ ಅದರಲ್ಲೊಂದು. ಟ್ಯೂಷನ್ ಮುಗಿಸಿದ ಹುಡುಗಿಯರು ಆಟೋಗೆ ಕಾಸು ಕೊಟ್ಟು ಬರುತ್ತಾರೆ. ಟಿಕೆಟ್ ಸೊನ್ನೆ, ಟ್ರಿಪ್ಪೂ ಸೊನ್ನೆ.

ಅದಕ್ಕೇ ಅವರು ಈಗ ಅರ್ಜಿ ಬರೆಯುತ್ತಿದ್ದಾರೆ, ಅಕ್ಕಪಕ್ಕದ ಊರಿನವರಿಗೂ ಬರೆಸುತ್ತಿದ್ದಾರೆ. ನಿಮ್ಮೂರಿಗೂ ಸಂಜೆಯ ಟ್ರಿಪ್ ಬೇಕಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬೈದು ಪ್ರಯೋಜನವಿಲ್ಲ. ಕೊನೆಯ ಬಸ್ಸಿನ ಸಮಯ, ಅದಾದ ಮೇಲೆ ಬರಬೇಕಾದ ವಿದ್ಯಾರ್ಥಿಗಳ ಮತ್ತು ಕೆಲಸಗಾರರ ಸಂಖ್ಯೆ, ಗ್ರಾಮ ಪಂಚಾಯಿತಿ ಠರಾವಿನ ಪ್ರತಿ ಇಷ್ಟನ್ನೂ ಸೇರಿಸಿ ಸಾರಿಗೆ ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿಗೆ ಅರ್ಜಿ ಕೊಡಿ, ಒಂದು ಪ್ರತಿ ಡಿಪೊ ಮ್ಯಾನೇಜರಿಗೆ, ಇನ್ನೊಂದು ಶಾಸಕರಿಗೆ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.